ಉದ್ದ ಫೋರ್ಕ್‌ಗೆ ಯಾವ ಹಾರ್ಡ್‌ಟೇಲ್ ಫ್ರೇಮ್? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಸೈಕಲ್ ಗೆಳೆಯರು ಫೋನಿನಲ್ಲಿ, ಮೆಸೇಜಿನಲ್ಲಿ, ಭಾನುವಾರ ಬೆಳಿಗ್ಗೆ ಚಹಾದ ಅಂಗಡಿ ಮುಂದೆ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ಕೇಳುವ ಪ್ರಶ್ನೆಗಳು

ಹಾರ್ಡ್‌ಟೇಲ್ ಅಂದ್ರ ಏನ್ರಿ? ಈ ಟ್ರಾವೆಲ್ ಅನ್ನೋದು ಫೋರ್ಕಿನ ಉದ್ದಾನ?

ಮುಂದೆ ಮಾತ್ರ ಶಾಕ್ ಇದ್ದು ಹಿಂದೆ ಇಲ್ಲದ ಸೈಕಲ್ಲೇ ಹಾರ್ಡ್‌ಟೇಲ್. ಮುಂದಿನ ಚಕ್ರ ಹಿಡಿದಿರುವ ಆ ಶಾಕ್ ಇರುವ ಕವಲೇ ಫೋರ್ಕ್. ಟ್ರಾವೆಲ್ ಅಂದರೆ ಫೋರ್ಕ್ ಎಷ್ಟು ಮಿಲಿಮೀಟರ್ ಒಳಗೆ ಕುಸಿಯುತ್ತದೆ ಅನ್ನುವ ಲೆಕ್ಕ. ಅದು ಫೋರ್ಕಿನ ಉದ್ದ ಅಲ್ಲ. ಪೂರ್ತಿ ಉದ್ದಕ್ಕೆ ಬೇರೆ ಅಳತೆ ಇದೆ, ಅದಕ್ಕೆ ಆಕ್ಸಲ್-ಟು-ಕ್ರೌನ್ (ಚಕ್ರದ ಅಚ್ಚಿನಿಂದ ಫೋರ್ಕಿನ ತಲೆಯವರೆಗೆ) ಅನ್ನುತ್ತಾರೆ. ಫ್ರೇಮ್ ಆರಿಸುವಾಗ ನೋಡಬೇಕಾದದ್ದು ಈ ಎರಡನೆಯದನ್ನು. ಇಷ್ಟು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ.

ನನ್ನ ಸೈಕಲ್‌ನಾಗ 100ರ ಫೋರ್ಕ್ ಐತಿ. 140 ಹಾಕಿದ್ರ ನಡೀತದೇನ್ರಿ?

ಬೇಡ. 100ಕ್ಕೆ ಅಂತ ಮಾಡಿದ ಫ್ರೇಮ್‌ಗೆ 120ರ ತನಕ ಹೋಗಬಹುದು, ಅದೂ ಫ್ರೇಮ್ ಕಂಪನಿ ಒಪ್ಪಿದ್ದರೆ ಮಾತ್ರ. ಟ್ರೆಕ್ ಮಾರ್ಲಿನ್, ಜೈಂಟ್ ಟ್ಯಾಲನ್, ಸ್ಕಾಟ್ ಆಸ್ಪೆಕ್ಟ್ ತರಹದ, ನಮ್ಮಲ್ಲಿ ತುಂಬಾ ಓಡಾಡುವ ಸೈಕಲ್‌ಗಳು ಸಾಮಾನ್ಯವಾಗಿ 100 ಮಿ.ಮೀ. ಫೋರ್ಕ್ ಲೆಕ್ಕ ಹಿಡಿದು ಮಾಡಿದವು.

ಕಾರಣ ಎರಡು. ಒಂದು, ಸೈಕಲ್ಲಿನ ಮೂತಿ ಮೇಲೆದ್ದು ಎಲ್ಲ ಕೋನಗಳೂ ಹಾಳಾಗುತ್ತವೆ, ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ. ಎರಡನೆಯದು ಸುರಕ್ಷತೆಯದು. ಕಲ್ಲಿಗೆ ಚಕ್ರ ಬಡಿದಾಗ ಫೋರ್ಕ್ ಒಂದು ಮೀಟುಗೋಲಿನಂತೆ ಹೆಡ್ ಟ್ಯೂಬನ್ನು (ಹ್ಯಾಂಡಲ್ ಕೆಳಗೆ ಫೋರ್ಕಿನ ಮೇಲ್ತುದಿ ಕೂರುವ ಕೊಳವೆ) ಹಿಂದಕ್ಕೆ ತಿರುಚುತ್ತದೆ. ಫೋರ್ಕ್ ಉದ್ದ ಆದಷ್ಟೂ ಆ ತಿರುಚು ಜಾಸ್ತಿ. 140 ಹಾಕಿದವರು ಇನ್ನೂ ಜೋರಾಗಿಯೇ ಇಳಿಸುತ್ತಾರೆ, ಅಲ್ವಾ? ಆ ಪೆಟ್ಟೆಲ್ಲ ಹೆಡ್ ಟ್ಯೂಬ್ ಮತ್ತು ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬ್ ಕೂಡುವ ಬೆಸುಗೆಯ ಮೇಲೆ ಬೀಳುತ್ತದೆ. ಅಲ್ಲಿ ಫ್ರೇಮ್ ಮುರಿದರೆ ಬೀಳುವುದು ಮುಖ ಕೆಳಗಾಗಿ.

ನಮ್ಮ ಕಡಿ ಗುಡ್ಡಕ್ಕ ಎಷ್ಟು ಟ್ರಾವೆಲ್ ಸಾಕು?

ನನ್ನ ಅಭಿಪ್ರಾಯ ಕೇಳಿದರೆ 120ರಿಂದ 130. ಬಯಲುಸೀಮೆಯಲ್ಲಿ ಗುಡ್ಡ ಮುಟ್ಟುವ ಮೊದಲು ಎಷ್ಟೋ ಕಿಲೋಮೀಟರ್ ಹೊಲದ ದಾರಿ, ಡಾಂಬರು ರಸ್ತೆ ತುಳಿಯಬೇಕು, ಎದುರುಗಾಳಿ ಬೇರೆ. ಗದಗ ಕಡೆಯ ಗುಡ್ಡಗಳಲ್ಲಿ ಸಡಿಲ ಕಲ್ಲು ಜಾಸ್ತಿ, ಇಳಿಜಾರು ಚಿಕ್ಕದು. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ದಿಕ್ಕಿಗೆ ಹೋದರೆ ಕೆಂಪು ಮಣ್ಣು, ಬೇರು, ಮಳೆ ಕೊರೆದ ಕೊರಕಲು. ಇದಕ್ಕೆಲ್ಲ ಒಳ್ಳೆಯ 120ರ ಏರ್ ಫೋರ್ಕ್ ಸಾಕು. ಅಗ್ಗದ 140ರ ಸ್ಪ್ರಿಂಗ್ ಫೋರ್ಕ್‌ಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ದೊಡ್ಡ ಜಿಗಿತ, ಕಡಿದಾದ ಇಳಿಜಾರು ನಿಮ್ಮ ನಿತ್ಯದ ಸವಾರಿಯಾದರೆ 140 ಯೋಚಿಸಿ. ಇನ್ನೊಂದು ಮಾತು: ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಸೈಕಲ್ ಒಯ್ಯಬೇಡಿ. ಅದೊಂದೇ ಗುಡ್ಡ ಮನಸ್ಸಿನಲ್ಲಿಟ್ಟುಕೊಂಡು ಫ್ರೇಮ್ ಕೊಳ್ಳುವವರಿಗೆ ಇದನ್ನು ಹೇಳಲೇಬೇಕು.

ಫ್ರೇಮ್ ಬ್ಯಾರೆ, ಫೋರ್ಕ್ ಬ್ಯಾರೆ ತಗೊಂಡು ಜೋಡಸೋದು ಛಲೋನೋ, ಇಡೀ ಸೈಕಲ್ ತಗೊಳ್ಳೋದು ಛಲೋನೋ?

ರೊಕ್ಕದ ಲೆಕ್ಕದಲ್ಲಿ ಇಡೀ ಸೈಕಲ್ಲೇ ಅಗ್ಗ. ಉದ್ದ ಫೋರ್ಕ್‌ಗೆ ಅಂತಲೇ ಮಾಡಿದ ಸೈಕಲ್‌ಗಳಿವೆ. ಈಗಿನ ಟ್ರೆಕ್ ರೊಸ್ಕೊ 140ರ ಫೋರ್ಕ್ ಜೊತೆ ಬರುತ್ತದೆ, ಸಾಂತಾ ಕ್ರೂಜ್ ಕಮೀಲಿಯನ್ 130ರ ಜೊತೆ. ಒಳ್ಳೆಯ ಫೋರ್ಕ್, ಚಕ್ರ, ಬ್ರೇಕ್ ಆಗಲೇ ನಿಮ್ಮ ಹತ್ತಿರ ಇದ್ದು ಫ್ರೇಮ್ ಒಂದೇ ಹಳೆಯದಾಗಿದ್ದರೆ ಮಾತ್ರ ಬಿಡಿ ಫ್ರೇಮ್ ಕೊಳ್ಳುವುದಕ್ಕೆ ಅರ್ಥ ಇದೆ. ಹೊರದೇಶದಿಂದ ತರಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ವೆಬ್‌ಸೈಟಿನಲ್ಲಿ ಕಂಡ ಬೆಲೆಗೆ ಅದು ಮನೆ ಮುಟ್ಟುವುದಿಲ್ಲ.

## ಅಳತೆ ಮತ್ತು ಕೋನ

ಆಕ್ಸಲ್-ಟು-ಕ್ರೌನ್ ಅಂತ ಎಲ್ಲಾರೂ ಅಂತಾರ. ಮನ್ಯಾಗ ಅಳಿಯೋದು ಹೆಂಗ?

ಆಕ್ಸಲ್ಲಿನ ನಡುಮಧ್ಯದಿಂದ, ಮೇಲೆ ಹೆಡ್‌ಸೆಟ್ಟಿನ (ಹೆಡ್ ಟ್ಯೂಬಿನ ಬೇರಿಂಗ್ ಜೋಡಿ) ಕೆಳಗಿನ ಬಳೆ ಕೂರುವ ಜಾಗದವರೆಗೆ ಟೇಪ್ ಹಿಡಿಯಿರಿ. ಫೋರ್ಕಿನ ಮೇಲೆ ಭಾರ ಇರಬಾರದು, ಗಾಳಿ ತುಂಬಿರಬೇಕು. ಸರಿಯಾದ ಅಳತೆ ಕಾಂಡಕ್ಕೆ, ಅಂದರೆ ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಮೇಲಿನ ಕೊಳವೆಗೆ, ಸಮಾನಾಂತರವಾಗಿ ಹೋಗುತ್ತದೆ. ಆಕ್ಸಲ್ ಸ್ವಲ್ಪ ಮುಂದಕ್ಕೆ ಚಾಚಿರುವುದರಿಂದ ನೇರ ಟೇಪ್ ಹಿಡಿದರೆ ಒಂದೆರಡು ಮಿ.ಮೀ. ಜಾಸ್ತಿ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

29 ಇಂಚಿನ ಚಕ್ರದ ಫೋರ್ಕ್‌ಗಳಿಗೆ ಅಂದಾಜು ಹೀಗೆ: 100 ಟ್ರಾವೆಲ್‌ಗೆ 500ರಿಂದ 510 ಮಿ.ಮೀ., 120ಕ್ಕೆ 520ರಿಂದ 530, 140ಕ್ಕೆ 540ರಿಂದ 555. 27.5ರ ಫೋರ್ಕ್ ಅದೇ ಟ್ರಾವೆಲ್‌ಗೆ ಹದಿನೈದು ಇಪ್ಪತ್ತು ಮಿ.ಮೀ. ಗಿಡ್ಡ. ನೋಡಿ, ಒಂದೇ 140ರ ಟ್ರಾವೆಲ್ ಇದ್ದರೂ ಎರಡು ಕಂಪನಿಗಳ ನಡುವೆ 10 ಮಿ.ಮೀ. ವ್ಯತ್ಯಾಸ ಬರಬಹುದು. ಅದಕ್ಕೇ ಟ್ರಾವೆಲ್ ನಂಬರ್ ಒಂದನ್ನೇ ನೋಡಿ ಫ್ರೇಮ್ ಕೊಳ್ಳಬೇಡಿ ಅನ್ನುವುದು. ಫ್ರೇಮ್ ಕಂಪನಿಯವರು ಜಾಮೆಟ್ರಿ ಪಟ್ಟಿಯಲ್ಲಿ (ಫ್ರೇಮಿನ ಕೋನ, ಅಳತೆಗಳ ಪಟ್ಟಿ) ಎಷ್ಟು ಉದ್ದದ ಫೋರ್ಕ್ ಹಿಡಿದು ಲೆಕ್ಕ ಹಾಕಿದ್ದಾರೆ ಅಂತ ಹುಡುಕಿ. ನಿಮ್ಮ ಫೋರ್ಕಿನ ಉದ್ದ ಅದಕ್ಕಿಂತ 10 ಮಿ.ಮೀ. ಆಚೀಚೆ ಇದ್ದರೆ ನಿಶ್ಚಿಂತೆ.

20 ಮಿ.ಮೀ. ಅಂದ್ರೆ ಎರಡು ಸೆಂಟಿಮೀಟರ್. ಅಷ್ಟಕ್ಕೆ ಏನು ಮಹಾ ಬದಲಾಗುತ್ತೆ?

ಸಾಕಷ್ಟು. ಈಗಿನ 29 ಇಂಚಿನ ಹಾರ್ಡ್‌ಟೇಲ್‌ನಲ್ಲಿ ಫೋರ್ಕ್ 20 ಮಿ.ಮೀ. ಉದ್ದ ಆದರೆ ಇಡೀ ಫ್ರೇಮ್ ಹಿಂದಿನ ಆಕ್ಸಲ್ ಸುತ್ತ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬ್ ನೆಲದೊಂದಿಗೆ ಮಾಡುವ ಕೋನ, ಒಂದು ಡಿಗ್ರಿ ಮಲಗುತ್ತದೆ. ಸೀಟ್ ಆಂಗಲ್ಲೂ (ಸೀಟಿನ ಕೊಳವೆಯ ಕೋನ) ಅಷ್ಟೇ ಮಲಗುತ್ತದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಪೆಡಲ್ ಕೂರುವ ಬಾಟಮ್ ಬ್ರಾಕೆಟ್ ಏಳು ಮಿ.ಮೀ.ಯಷ್ಟು ಮೇಲೇಳುತ್ತದೆ. ರೀಚ್ (ಬಾಟಮ್ ಬ್ರಾಕೆಟ್ಟಿನಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಅಡ್ಡ ದೂರ) ಹತ್ತು ಮಿ.ಮೀ.ಯಷ್ಟು ಕಡಿಮೆ ಆಗುತ್ತದೆ. ಹ್ಯಾಂಡಲ್ ಮೇಲೆ ಬರುತ್ತದೆ.

ಇಳಿಜಾರಿನಲ್ಲಿ ಇದು ಹಿತ ಅನ್ನಿಸಬಹುದು. ಆದರೆ ಸೀಟು ಹಿಂದೆ ಸರಿದ ಕಾರಣ ಏರಿನಲ್ಲಿ ನಿಮ್ಮ ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ, ಮುಂದಿನ ಚಕ್ರ ಹಗುರಾಗಿ ಆಚೀಚೆ ಹೋಗುತ್ತದೆ. 40 ಮಿ.ಮೀ. ಏರಿಸಿದರೆ ಈ ಎಲ್ಲ ಅಂಕಿಗಳನ್ನೂ ದುಪ್ಪಟ್ಟು ಮಾಡಿಕೊಳ್ಳಿ. 74 ಡಿಗ್ರಿ ಇದ್ದ ಸೀಟ್ ಆಂಗಲ್ 72ಕ್ಕೆ ಬಂದರೆ ಉಣಕಲ್ಲಿನ ನೃಪತುಂಗ ಬೆಟ್ಟದ ಡಾಂಬರು ಏರಿನಲ್ಲೂ ಅದು ಸೊಂಟಕ್ಕೆ ಗೊತ್ತಾಗುತ್ತದೆ.

ಹೆಡ್ ಆಂಗಲ್ 64 ಅಂತ ಬರೆದಿರುತ್ತೆ. ಹಾರ್ಡ್‌ಟೇಲ್‌ಗೆ ಅಷ್ಟು ಮಲಗಿದ್ದು ಯಾಕೆ? ಸುಮ್ನೆ ಫ್ಯಾಷನ್ನಾ?

ಫ್ಯಾಷನ್ ಅಲ್ಲ. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ ಮೇಲೆ ಕೂತರೆ ಎರಡೂ ಕುಸಿಯುತ್ತವೆ, ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ಕುಸಿಯುತ್ತದೆ. 140ರ ಫೋರ್ಕ್ ನಿಮ್ಮ ಭಾರಕ್ಕೆ ಕಾಲುಭಾಗ, ಅಂದರೆ 35 ಮಿ.ಮೀ. ಕೂತಿತು ಅನ್ನಿ. ಪಟ್ಟಿಯಲ್ಲಿ 65 ಇದ್ದ ಕೋನ ಸವಾರಿಯಲ್ಲಿ ಅರವತ್ತಾರೂವರೆ ಆಗಿರುತ್ತದೆ. ದೊಡ್ಡ ಕಲ್ಲಿಗೆ ಬಡಿದು ಫೋರ್ಕ್ ಪೂರ್ತಿ ಕುಸಿದ ಗಳಿಗೆಯಲ್ಲಿ ಆರು ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗಿ 71 ದಾಟಿರುತ್ತದೆ. ಇಳಿಜಾರಿನಲ್ಲಿ, ಬ್ರೇಕ್ ಹಿಡಿದಾಗ, ನಿಮಗೆ ಧೈರ್ಯ ಬೇಕಾದ ಹೊತ್ತಿನಲ್ಲೇ ಹೀಗಾಗುತ್ತದೆ. ಅದಕ್ಕೇ ಉದ್ದ ಫೋರ್ಕ್‌ನ ಹಾರ್ಡ್‌ಟೇಲ್ ಮಾಡುವವರು ಮೊದಲೇ ಮಲಗಿಸಿ ಇಡುತ್ತಾರೆ.

ನಾನು ಹೇಳುವುದು: 120ರ ಫೋರ್ಕ್ ಜೊತೆ 66 ಆಸುಪಾಸು, 140ರ ಜೊತೆ 64ರಿಂದ 65. ಪಟ್ಟಿಯಲ್ಲಿರುವ ಕೋನ ಫೋರ್ಕ್ ಕುಸಿಯುವ ಮೊದಲಿನದೋ, ಕುಸಿದ ಮೇಲಿನದೋ ಅಂತ ಓದಿ ನೋಡಿ. ಕೆಲವು ಕಂಪನಿಗಳು ಎರಡನೆಯದನ್ನು ಕೊಡುತ್ತವೆ. ಎರಡು ಫ್ರೇಮ್ ಹೋಲಿಸುವಾಗ ಇದು ಗೊತ್ತಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ನಂಗೆ ಮೀಡಿಯಂ ಸರಿ ಆಗುತ್ತೆ. ಉದ್ದ ಫೋರ್ಕ್ ಹಾಕೋದಾದ್ರೆ ಲಾರ್ಜ್ ತಗೋಬೇಕಾ?

ಫ್ರೇಮ್ ಆ ಫೋರ್ಕಿಗೆ ಅಂತಲೇ ಮಾಡಿದ್ದಾದರೆ ಮೀಡಿಯಂ ಮೀಡಿಯಮ್ಮೇ. ಅದಕ್ಕಿಂತ ಉದ್ದದ ಫೋರ್ಕ್ ಹಾಕುತ್ತಿದ್ದರೆ ರೀಚ್ ಕಡಿಮೆ ಆಗುತ್ತದೆ ಅಂತ ಮೇಲೆ ನೋಡಿದೆವು. ಒಂದು ಅಳತೆಗೂ ಮುಂದಿನ ಅಳತೆಗೂ ರೀಚ್ ವ್ಯತ್ಯಾಸ ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಅಂದರೆ 40 ಮಿ.ಮೀ. ಉದ್ದದ ಫೋರ್ಕ್ ನಿಮ್ಮ ಮೀಡಿಯಂ ಫ್ರೇಮನ್ನು ಹತ್ತಿರ ಹತ್ತಿರ ಸ್ಮಾಲ್ ಮಾಡಿಬಿಡುತ್ತದೆ. ಲಾರ್ಜ್ ಕೊಂಡು ಇದನ್ನು ಸರಿಪಡಿಸಲು ಹೋಗಬೇಡಿ, ಸೀಟ್ ಟ್ಯೂಬ್ ಎತ್ತರವಾಗಿ ಸೀಟು ಇಳಿಸಲು ಜಾಗ ಸಿಗುವುದಿಲ್ಲ. 10 ಮಿ.ಮೀ. ವ್ಯತ್ಯಾಸ ಆದರೆ ಸೀಟನ್ನು ಹಳಿಯ ಮೇಲೆ ಒಂದು ಸೆಂಟಿಮೀಟರ್‌ಗಿಂತ ಕಡಿಮೆ ಮುಂದೆ ತಳ್ಳಿದರೂ ಸಾಕು, ಏರಿಗೆ ಸರಿಹೋಗುತ್ತದೆ. ಜಾಸ್ತಿ ಆದರೆ ಫ್ರೇಮೇ ಬೇರೆ ನೋಡಿ.

## ಕೂಡುತ್ತದಾ, ಇಲ್ಲವಾ?

ಹೊಸ ಫೋರ್ಕಿನ ಕಾಂಡ ಕೆಳಗ ದಪ್ಪ ಐತ್ರಿ. ನನ್ನ ಫ್ರೇಮಿನಾಗ ಹೋಗವಲ್ದು. ಏನ್ ಮಾಡ್ಲಿ?

ಅದು ಟೇಪರ್ಡ್ ಕಾಂಡ. ಮೇಲೆ 28.6 ಮಿ.ಮೀ., ಕೆಳಗೆ ಒಂದೂವರೆ ಇಂಚು. ಈಗಿನ ಒಳ್ಳೆಯ ಫೋರ್ಕ್ ಬಹುತೇಕ ಇದರಲ್ಲೇ ಬರುತ್ತವೆ. ಹೆಡ್‌ಸೆಟ್ ಕಪ್ ತೆಗೆದು ಹೆಡ್ ಟ್ಯೂಬಿನ ಒಳ ಅಳತೆಯನ್ನು ವರ್ನಿಯರ್‌ನಿಂದ ನೋಡಿ. 34 ಮಿ.ಮೀ. ಬಂದರೆ ಟೇಪರ್ಡ್ ಫೋರ್ಕ್ ಯಾವ ಕಾರಣಕ್ಕೂ ಕೂಡುವುದಿಲ್ಲ, ಆಸೆ ಬಿಡಿ. ಮೇಲಿಂದ ಕೆಳಗೆ ಒಂದೇ ಸಮ 44 ಬಂದರೆ ಕೆಳಗೆ ಹೊರಗಿನ ಕಪ್ ಹಾಕಿ ಕೂಡಿಸಬಹುದು. ಮೇಲೆ 44, ಕೆಳಗೆ 56 ಇದ್ದರೆ ಅದೇ ಸರಿಯಾದ ಜೋಡಿ.

44ರ ಫ್ರೇಮಿನವರು ಗಮನಿಸಿ. ಆ ಹೊರಗಿನ ಕಪ್ಪೇ ಹತ್ತು ಹನ್ನೆರಡು ಮಿ.ಮೀ. ಎತ್ತರ ಇರುತ್ತದೆ. ಫೋರ್ಕಿನ ಉದ್ದಕ್ಕೆ ಅದನ್ನೂ ಸೇರಿಸಿ, ಅರ್ಧ ಡಿಗ್ರಿಯಷ್ಟು ಇನ್ನೂ ಮಲಗುತ್ತದೆ. ಹೊಸ ಫ್ರೇಮ್ ಕೊಳ್ಳುವುದಾದರೆ 44-56 ಬಿಟ್ಟು ಬೇರೆ ನೋಡಬೇಡಿ.

ಬೂಸ್ಟ್ ಬೇಕೇ ಬೇಕಾ? ಹಳೆ ಚಕ್ರ ನಡೆಯಲ್ವಾ?

120 ದಾಟಿದ ಹೊಸ ಫೋರ್ಕ್‌ಗಳಲ್ಲಿ ಬಹುಪಾಲು 15x110 ಬೂಸ್ಟ್, ಅಂದರೆ ಆಕ್ಸಲ್ 15 ಮಿ.ಮೀ. ದಪ್ಪ, ಚಕ್ರದ ಹಬ್ 110 ಮಿ.ಮೀ. ಅಗಲ. ಹಳೆಯ ಮುಂದಿನ ಹಬ್ 9 ಮಿ.ಮೀ. ಕ್ವಿಕ್ ರಿಲೀಸ್ ಆಗಿದ್ದರೆ ಹಬ್ ಬದಲಿಸಬೇಕು, ಅಂದರೆ ಚಕ್ರ ಮತ್ತೆ ಕಟ್ಟಿಸಬೇಕು. 15x100 ಇದ್ದರೆ ಸ್ಪೇಸರ್ ಹಾಕಿ ಡಿಸ್ಕ್ ಸರಿಹೊಂದಿಸಿ ಓಡಿಸಬಹುದು. ಹಿಂದೆ ಫ್ರೇಮಿನಲ್ಲಿ 12x148 ನೋಡಿ. ಹಳೆಯ 135 ಕ್ವಿಕ್ ರಿಲೀಸ್ ಹಿಂಬದಿ ಇರುವ ಫ್ರೇಮಿಗೆ ಉದ್ದ ಫೋರ್ಕ್ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಆ ಫ್ರೇಮ್ ಮಾಡಿದವರು ಅಂಥ ಸವಾರಿಯನ್ನು ಯೋಚಿಸಿಯೇ ಇರುವುದಿಲ್ಲ.

ಎರಿ ಹೊಲದ ದಾರ್ಯಾಗ ಮಳಿ ಬಿದ್ರ ಚಕ್ರಾನ ತಿರಗೂದಿಲ್ಲ. ಇದಕ್ಕೂ ಫ್ರೇಮಿಗೂ ಸಂಬಂಧ ಐತೇನು?

ಖಂಡಿತ ಇದೆ. ನವಲಗುಂದ, ಅಣ್ಣಿಗೇರಿ, ಗದಗ ಸುತ್ತಿನ ಎರೆ ಮಣ್ಣು ಹಸಿ ಆದರೆ ಟೈರಿಗೆ ಪದರ ಪದರವಾಗಿ ಮೆತ್ತಿಕೊಂಡು ಹಿಂದಿನ ತ್ರಿಕೋನದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಫ್ರೇಮ್ ಆರಿಸುವಾಗ ಎಲ್ಲರೂ ಮುಂದಿನ ಫೋರ್ಕನ್ನೇ ನೋಡುತ್ತಾರೆ, ನಮ್ಮ ಕಡೆಯವರು ಹಿಂದಿನ ಜಾಗವನ್ನೂ ಅಷ್ಟೇ ಗಮನ ಕೊಟ್ಟು ನೋಡಬೇಕು. 2.4 ಇಂಚಿನ ಟೈರ್ ಹಾಕಿದ ಮೇಲೆ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಎರಡೂ ಬದಿಯಲ್ಲಿ ಕಿರುಬೆರಳು ಸಲೀಸಾಗಿ ಹೋಗುವಷ್ಟು ಸಂದು ಉಳಿಯಬೇಕು. ಬಾಟಮ್ ಬ್ರಾಕೆಟ್ ಹಿಂದೆ ಅಡ್ಡಪಟ್ಟಿ ಇದ್ದರೆ ಅಲ್ಲೇ ಮಣ್ಣು ಕೂರುವುದು. ಅಷ್ಟಾದರೂ ಪೂರ್ತಿ ಹಸಿ ಎರೆಯಲ್ಲಿ ಯಾವ ಫ್ರೇಮೂ ಓಡುವುದಿಲ್ಲ, ಹೆಗಲ ಮೇಲೆ ಹೊರಬೇಕು. ಅರ್ಧ ಒಣಗಿದ ದಿನಗಳಲ್ಲಿ ಮಾತ್ರ ಈ ಸಂದು ನಿಮ್ಮನ್ನು ಮನೆ ಮುಟ್ಟಿಸುತ್ತದೆ.

ಅಗಲ ಟೈರ್‌ನಿಂದ ಇನ್ನೊಂದು ಲಾಭ. ಟ್ಯೂಬ್‌ಲೆಸ್ ಮಾಡಿ ಗಾಳಿ ಕಡಿಮೆ ಇಟ್ಟರೆ ಹಾರ್ಡ್‌ಟೇಲ್‌ನ ಬೆನ್ನುನೋವು ಎಷ್ಟೋ ತಗ್ಗುತ್ತದೆ. ಜಾಲಿ ಮುಳ್ಳಿಗೂ ಟೈರಿನೊಳಗೆ ಹಾಕುವ, ತೂತು ಮುಚ್ಚುವ ದ್ರವ ಸೀಲೆಂಟೇ ಮದ್ದು. ಫೋರ್ಕಿನಲ್ಲಿ 20 ಮಿ.ಮೀ. ಏರಿಸಲು ಕೊಡುವ ರೊಕ್ಕವನ್ನು ಮೊದಲು ಇಲ್ಲಿ ಹಾಕಿ.

## ಒಳಹೊಕ್ಕವರಿಗೆ

ಸ್ಟೀಲ್ ತಗೊಳ್ಳೋದಾ, ಅಲ್ಯೂಮಿನಿಯಮ್ಮಾ?

ಉದ್ದ ಫೋರ್ಕ್‌ಗೆ ನನ್ನ ಒಲವು ಸ್ಟೀಲ್ ಕಡೆ. ಕೋಟಿಕ್, ಕ್ರೊಮ್ಯಾಗ್ ತರಹದ ಕಂಪನಿಗಳು ಇಂಥ ಸ್ಟೀಲ್ ಹಾರ್ಡ್‌ಟೇಲ್‌ಗಳಿಗೇ ಹೆಸರಾದವು. 4130 ಕ್ರೋಮೋಲಿ, ರೆನಾಲ್ಡ್ಸ್ 853 ಅನ್ನುವ ಹೆಸರುಗಳು ಕಣ್ಣಿಗೆ ಬೀಳುತ್ತವೆ. ತೂಕ ಜಾಸ್ತಿ, ಎರಡೂವರೆ ಕೆಜಿ ಆಸುಪಾಸು. ಆದರೆ ಬಿರುಕು ಬಿಟ್ಟರೆ ಸ್ಟೀಲನ್ನು ಕೈಪಳಗಿದ ಟಿಗ್ ವೆಲ್ಡರ್ ಹತ್ತಿರ ರಿಪೇರಿ ಮಾಡಿಸಬಹುದು. 6061 ಅಲ್ಯೂಮಿನಿಯಂ ಹಾಗಲ್ಲ. ಅದಕ್ಕೆ ಬಿಸಿ ಸಂಸ್ಕಾರ ಮಾಡಿ ಬಲ ಕೊಟ್ಟಿರುತ್ತಾರೆ, ಬೆಸುಗೆ ಹಾಕಿದ ಜಾಗದಲ್ಲಿ ಆ ಬಲ ಹೋಗಿಬಿಡುತ್ತದೆ. ಗೋಕುಲ ರಸ್ತೆಯ ಶೆಡ್ಡಿನಲ್ಲಿ ಎಷ್ಟು ಚಂದ ಬೆಸೆದುಕೊಟ್ಟರೂ ಹೆಡ್ ಟ್ಯೂಬ್ ಹತ್ತಿರ ರಿಪೇರಿ ಆದ ಅಲ್ಯೂಮಿನಿಯಂ ಫ್ರೇಮನ್ನು ಗುಡ್ಡಕ್ಕೆ ಒಯ್ಯಬೇಡಿ.

ಹಾಗಂತ ಅಲ್ಯೂಮಿನಿಯಂ ಕೆಟ್ಟದ್ದು ಅಂತಲ್ಲ. 140ಕ್ಕೆ ಅಂತ ಮಾಡಿದ ಅಲ್ಯೂಮಿನಿಯಂ ಫ್ರೇಮ್, 100ಕ್ಕೆ ಅಂತ ಮಾಡಿದ ಸ್ಟೀಲ್ ಫ್ರೇಮಿಗಿಂತ ಎಷ್ಟೋ ಭದ್ರ. ಧಾರವಾಡದ ಮಳೆಯಲ್ಲಿ ಸ್ಟೀಲ್ ಇಟ್ಟುಕೊಳ್ಳುವವರು ಸೀಟ್‌ಪೋಸ್ಟ್ ತೆಗೆದು, ಸೈಕಲ್ ತಲೆಕೆಳಗು ಮಾಡಿ ನೀರು ಬಸಿಯಿರಿ, ಕೊಳವೆಗಳ ಒಳಗೆ ಎಣ್ಣೆ ಬಿಡಿ.

ಸೆಕೆಂಡ್ ಹ್ಯಾಂಡ್ ಫ್ರೇಮ್ ಸಿಕ್ಕಿದೆ. ಹಿಂದಿನವರು ಉದ್ದ ಫೋರ್ಕ್ ಹಾಕಿದ್ದರಂತೆ. ಏನು ನೋಡಲಿ?

ಮೊದಲು ಫ್ರೇಮ್ ಕಂಪನಿಯ ಕೈಪಿಡಿ ಹುಡುಕಿ, ಗರಿಷ್ಠ ಫೋರ್ಕ್ ಎಷ್ಟು ಅಂತ ಓದಿ. ಅದಕ್ಕಿಂತ ಉದ್ದದ್ದು ಹಾಕಿದ್ದರೆ ವಾರಂಟಿ ಹೋಯಿತು ಅಂತಲೇ ಲೆಕ್ಕ. ಆಮೇಲೆ ಫ್ರೇಮನ್ನು ಪೂರ್ತಿ ತೊಳೆದು ಬಿಸಿಲಿನಲ್ಲಿ ಹಿಡಿಯಿರಿ. ಹೆಡ್ ಟ್ಯೂಬ್ ಹಿಂದೆ, ಡೌನ್ ಟ್ಯೂಬಿನ ಕೆಳಬದಿಯಲ್ಲಿ ಬಣ್ಣ ಅಡ್ಡಲಾಗಿ ಕೂದಲಿನಂಥ ಗೆರೆ ಬಿಟ್ಟಿದೆಯಾ ನೋಡಿ. ಉಬ್ಬು ಅಥವಾ ಸುಕ್ಕು ಇದೆಯಾ ಅಂತ ಬೆರಳಾಡಿಸಿ. ಮಾರುವವರು ಅದು ಬರೀ ಬಣ್ಣದ ಗೀರು ಅಂದರೆ ಅಲ್ಲಿ ಬಣ್ಣ ಕೆರೆದು ತೋರಿಸಲು ಹೇಳಿ. ಒಪ್ಪದಿದ್ದರೆ ಕೊಳ್ಳಬೇಡಿ. ಹೆಡ್‌ಸೆಟ್ ಕಪ್ ಕೈಯಲ್ಲೇ ಕಿತ್ತು ಬಂದರೆ ಹೆಡ್ ಟ್ಯೂಬ್ ಅಗಲವಾಗಿದೆ ಅಂತ ಅರ್ಥ, ಅದೂ ಬೇಡ.

27.5ರ ಫ್ರೇಮಿಗೆ ಮುಂದೆ ಮಾತ್ರ 29 ಹಾಕಿದ್ರೆ?

ಅಂದರೆ ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕದು. ಅದಕ್ಕೇ ಮಾಡಿದ ಫ್ರೇಮ್ ಆದರೆ ಚೆನ್ನಾಗಿರುತ್ತದೆ. ಇಲ್ಲದಿದ್ದರೆ ಲೆಕ್ಕ ಹಾಕಿ: ಅದೇ ಟ್ರಾವೆಲ್‌ನ 29ರ ಫೋರ್ಕ್ ಹದಿನೈದು ಇಪ್ಪತ್ತು ಮಿ.ಮೀ. ಉದ್ದ, ರಿಮ್ಮಿನ ತ್ರಿಜ್ಯ 19 ಮಿ.ಮೀ. ಜಾಸ್ತಿ. ಎರಡೂ ಕೂಡಿ ಮೂತಿ 35 ಮಿ.ಮೀ. ಮೇಲೇಳುತ್ತದೆ. ಅದೇ ಎತ್ತರ ಉಳಿಯಬೇಕಾದರೆ ಟ್ರಾವೆಲ್ ಅಷ್ಟೇ ಇಳಿಸಬೇಕು. ಆಗ ಉದ್ದ ಫೋರ್ಕಿನ ಆಸೆಯೇ ಉಳಿಯುವುದಿಲ್ಲ.

ಫೋರ್ಕ್ 140ದು ಸಿಕ್ಕಿದೆ, ಇಷ್ಟವಾದ ಫ್ರೇಮ್ 120ಕ್ಕೆ. ಯಾವುದನ್ನು ಬಿಡಲಿ?

ಎರಡನ್ನೂ ಬಿಡಬೇಡಿ. ರಾಕ್‌ಶಾಕ್ಸ್, ಫಾಕ್ಸ್‌ನ ಬಹಳಷ್ಟು ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಬದಲಿಸಿ ಟ್ರಾವೆಲ್ ಇಳಿಸಬಹುದು. ನಿಮ್ಮ ಮಾಡೆಲ್‌ಗೆ 120ರ ಶಾಫ್ಟ್ ಇದೆಯಾ ಅಂತ ಕಂಪನಿಯ ಬಿಡಿಭಾಗದ ಪಟ್ಟಿಯಲ್ಲಿ ನೋಡಿ. ಟ್ರಾವೆಲ್ 20 ಇಳಿದರೆ ಉದ್ದವೂ 20 ಇಳಿಯುತ್ತದೆ. ಹೇಗೂ ಕೆಳಗಿನ ಕಾಲು ಬಿಚ್ಚಲೇಬೇಕು, ಎಣ್ಣೆ ಮತ್ತು ಸೀಲ್ ಆಗಲೇ ಬದಲಿಸಿಬಿಡಿ. ರಾಕ್‌ಶಾಕ್ಸ್‌ನವರು 50 ಗಂಟೆ ಸವಾರಿಗೊಮ್ಮೆ ಈ ಸರ್ವೀಸ್ ಹೇಳುತ್ತಾರೆ, ನಮ್ಮ ಬೇಸಿಗೆ ಧೂಳಿನಲ್ಲಿ ಅದನ್ನು ಮುಂದೂಡಬೇಡಿ. ಸ್ಪ್ರಿಂಗ್ ಫೋರ್ಕ್ ಆದರೆ ಹೆಚ್ಚಿನವುಗಳಲ್ಲಿ ಈ ದಾರಿ ಇಲ್ಲ.

ಫ್ರೇಮ್ ಚೆನ್ನಾಗಿದೆ, ಹೆಡ್ ಆಂಗಲ್ ಮಾತ್ರ 68. ಉದ್ದ ಫೋರ್ಕ್ ಹಾಕಿ ಮಲಗಿಸಬಹುದಲ್ವಾ?

ಕೋನ ಒಂದನ್ನೇ ಮಲಗಿಸಬೇಕಾದರೆ ಆಂಗಲ್ ಹೆಡ್‌ಸೆಟ್ ಹಾಕಿ. ಒಂದರಿಂದ ಎರಡು ಡಿಗ್ರಿ ಮಲಗಿಸುತ್ತದೆ. ಸೀಟ್ ಆಂಗಲ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಬಾಟಮ್ ಬ್ರಾಕೆಟ್ ಮೇಲೇಳುವುದಿಲ್ಲ, ಫೋರ್ಕಿನ ಉದ್ದವೂ ಅಷ್ಟೇ ಇರುತ್ತದೆ. ಕಪ್ ಒತ್ತಿ ಕೂರಿಸುವ ಹೆಡ್ ಟ್ಯೂಬ್ ಇರಬೇಕು, ಬೇರಿಂಗ್ ನೇರವಾಗಿ ಫ್ರೇಮಿನೊಳಗೆ ಕೂರುವ ಮಾದರಿಗೆ ಸಿಗುವುದು ಕಷ್ಟ. ಕೂರಿಸುವಾಗ ಕಪ್‌ಗಳು ಸರಿಯಾಗಿ ಮುಂದೆ-ಹಿಂದೆ ದಿಕ್ಕಿಗೆ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಬೇರಿಂಗ್ ಬೇಗ ಹಾಳಾಗುತ್ತದೆ, ಹಾಗಾಗಿ ಪ್ರೆಸ್ ಇರುವ ಅಂಗಡಿಯಲ್ಲೇ ಮಾಡಿಸಿ.

ಎಲ್ಲಾ ಜೋಡಿಸಿ ಆಯ್ತು. ಗುಡ್ಡಕ್ಕೆ ಹೋಗೋ ಮೊದ್ಲು ಏನು ನೋಡ್ಬೇಕು?

ಫೋರ್ಕಿನ ಗಾಳಿ ಪೂರ್ತಿ ಬಿಟ್ಟು, ಹ್ಯಾಂಡಲ್ ಮೇಲೆ ಭಾರ ಹಾಕಿ ತಳಕ್ಕೆ ಒತ್ತಿ. ಟೈರ್ ಎಲ್ಲಿಯೂ ಕ್ರೌನ್‌ಗೆ ತಾಗಬಾರದು. ಆಮೇಲೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಫೋರ್ಕಿನ ತಲೆಯ ಮೇಲಿನ ಗುಂಡಿ ಡೌನ್ ಟ್ಯೂಬಿಗೆ ಬಡಿಯುತ್ತದಾ ನೋಡಿ. ದಪ್ಪ ಕಾಲಿನ ಫೋರ್ಕ್‌ಗಳಲ್ಲಿ, ನೇರ ಡೌನ್ ಟ್ಯೂಬ್ ಇರುವ ಫ್ರೇಮ್‌ಗಳಲ್ಲಿ ಇದು ಆಗುತ್ತದೆ. ಒಂದು ಸಲ ಬಿದ್ದರೆ ಗುಂಡಿ ಕೊಳವೆಗೆ ತಗ್ಗು ಮಾಡಿಬಿಡುತ್ತದೆ. ಬಡಿಯುವಂತಿದ್ದರೆ ಕೆಳಗಿನ ಕಪ್ಪನ್ನು ಸ್ವಲ್ಪ ಎತ್ತರದ್ದು ಹಾಕಬೇಕು, ಮತ್ತು ಆ ಎತ್ತರವನ್ನೂ ಫೋರ್ಕಿನ ಉದ್ದದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕೊನೆಗೆ ಗಾಳಿ ತುಂಬಿ, ಹೆಲ್ಮೆಟ್, ಬ್ಯಾಗು, ನೀರು ಸಮೇತ ಸೈಕಲ್ ಮೇಲೆ ನಿಂತು ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಫೋರ್ಕ್ ಎಷ್ಟು ಕೂರುತ್ತದೆ ಅಂತ ನೋಡಿ. ಹಾರ್ಡ್‌ಟೇಲ್‌ಗೆ ಟ್ರಾವೆಲ್‌ನ ನೂರಕ್ಕೆ 20ರಷ್ಟರಿಂದ ಶುರು ಮಾಡಿ.